ಒಂದು ತಂತಿ, ಹಲವು ಕಂಪ್ಯೂಟರು: ಬಳ್ಳಾರಿ ಸೀಮೆಯಲ್ಲಿ ಇಂಟರ್‌ನೆಟ್ ಹಂಚಿಕೆ

ಒಂದು ಮನೆಯ ಅಥವಾ ಅಂಗಡಿಯ ಹಲವು ಕಂಪ್ಯೂಟರುಗಳಿಗೆ ಒಂದೇ ಇಂಟರ್‌ನೆಟ್ ಸಂಪರ್ಕವನ್ನು ಹಂಚಿಕೊಳ್ಳುವ ಪದ್ಧತಿ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಬೆಳೆದದ್ದು ಟೆಲಿಫೋನ್ ತಂತಿಯ ಬೆನ್ನಿಗೆ. ಕಾಲು ಶತಮಾನದ ಈ ಇತಿಹಾಸದಲ್ಲಿ ಮೋಡೆಮ್ಮುಗಳು ಹಲವು ಬಾರಿ ಬದಲಾದವು, ತಂತಿ ಹೋಗಿ ವೈಫೈ ಬಂತು, ತಾಮ್ರ ಹೋಗಿ ಫೈಬರ್ ಬಂತು. ಆದರೆ ಯಾರು ಯಾರೊಂದಿಗೆ, ಎಷ್ಟು ಹೊತ್ತು, ಎಷ್ಟು ಧಾರಾಳವಾಗಿ ಹಂಚಿಕೊಂಡರು ಎಂಬುದನ್ನು ತೀರ್ಮಾನಿಸಿದ್ದು ಬಹುಪಾಲು ಬಿಲ್ಲಿನ ಲೆಕ್ಕ. ನಿಮಿಷದ ಲೆಕ್ಕವಿದ್ದಾಗ ಹಂಚಿಕೆಯ ರೀತಿ ಒಂದಾಗಿತ್ತು, ಎಂಬಿ ಲೆಕ್ಕ ಬಂದಾಗ ಅದು ಇನ್ನೊಂದಾಯಿತು, ಲೆಕ್ಕವೇ ಇಡಬೇಕಿಲ್ಲದ ಯೋಜನೆಗಳು ಬಂದ ಮೇಲೆ ಮತ್ತೊಂದಾಯಿತು.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೊದಲ ಪಟ್ಟಿಯಲ್ಲಿದ್ದವು ಮಹಾನಗರಗಳು. ಬೆಂಗಳೂರಿನ ಸರದಿ ತುಸು ಆಮೇಲೆ ಬಂತು. ವೇಗ 9.6 ಕೆಬಿಪಿಎಸ್, ಶುಲ್ಕ ಸಾವಿರಾರು ರೂಪಾಯಿ. ತಮ್ಮ ಊರಲ್ಲಿ ನೋಡ್, ಅಂದರೆ ಡಯಲ್ ಮಾಡುವ ಕೇಂದ್ರ, ಇಲ್ಲದವರಿಗೆ ಅದರ ಮೇಲೆ ಎಸ್‌ಟಿಡಿ ಕರೆಯ ಹೊರೆ. ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್; ಅಷ್ಟು ದೂರದ ಕರೆಯನ್ನು ಹಿಡಿದುಕೊಂಡು ಒಂದು ಚಿತ್ರ ಪರದೆಗೆ ಇಳಿಯುವವರೆಗೆ ಕಾಯುವುದು ಯಾವ ಗೃಹಸ್ಥನ ಕೈಲೂ ಆಗುವ ಮಾತಾಗಿರಲಿಲ್ಲ. 1998ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳಿಗೂ ಇಂಟರ್‌ನೆಟ್ ಸೇವೆಯ ಬಾಗಿಲು ತೆರೆಯಿತು. ದೂರಸಂಪರ್ಕ ಇಲಾಖೆಯೂ ‘ಸಂಚಾರ್‌ನೆಟ್’ ಹೆಸರಿನಲ್ಲಿ ಜಿಲ್ಲಾ ಕೇಂದ್ರಗಳತ್ತ ಹೊರಟಿತು. 2000ದ ಅಕ್ಟೋಬರ್ 1ರಂದು ಇಲಾಖೆಯ ಸೇವಾಭಾಗ ಬಿಎಸ್‌ಎನ್‌ಎಲ್ ಆದಾಗ ಸಂಚಾರ್‌ನೆಟ್ಟೂ ಅದರ ಮಡಿಲಿಗೆ ಬಿತ್ತು. 172ರಿಂದ ಶುರುವಾಗುವ ಸಂಖ್ಯೆಗೆ ಲೋಕಲ್ ಕಾಲ್ ದರದಲ್ಲೇ ಡಯಲ್ ಮಾಡಬಹುದು ಎಂದಾದದ್ದೇ 08392 ಕೋಡಿನ ಬಳ್ಳಾರಿಗೂ 08396ರ ಸಿರುಗುಪ್ಪಕ್ಕೂ ಇಂಟರ್‌ನೆಟ್ ನಿಜವಾಗಿ ಬಂದ ಗಳಿಗೆ.

ಆಗಿನ ಲೋಕಲ್ ಕರೆಗೆ ಮೂರು ನಿಮಿಷಕ್ಕೊಂದು ಯೂನಿಟ್. ಒಂದು ಗಂಟೆ ಇಂಟರ್‌ನೆಟ್ ನೋಡಿದರೆ 20 ಕರೆ ಮಾಡಿದ ಲೆಕ್ಕ ಬಿಲ್ಲಿನಲ್ಲಿ ಬೀಳುತ್ತಿತ್ತು. ಸಂಚಾರ್‌ನೆಟ್ ಗಂಟೆಗಳಿಗೆ ಕೊಟ್ಟ ದುಡ್ಡು ಬೇರೆ. ಆ 20 ಕರೆಗಳ ಖರ್ಚು ಒಬ್ಬರು ನೋಡಿದರೂ ಅಷ್ಟೇ, ನಾಲ್ವರು ನೋಡಿದರೂ ಅಷ್ಟೇ. ಇಲ್ಲಿಯೇ ಹಂಚಿಕೆಯ ಅರ್ಥಶಾಸ್ತ್ರ ಹುಟ್ಟಿತು. ಅದನ್ನು ಮೊದಲು ಗ್ರಹಿಸಿದವರು ಮನೆಯವರಲ್ಲ, ಎಸ್‌ಟಿಡಿ ಬೂತು ಮತ್ತು ಜೆರಾಕ್ಸ್ ಅಂಗಡಿಗಳವರು. ಫೋನು, ಕುರ್ಚಿ, ಬಿಲ್ ಬರೆಯುವ ಅಭ್ಯಾಸ ಮೂರೂ ಇದ್ದ ಬೂತಿಗೆ ಎರಡು ಮೂರು ಜೋಡಿಸಿದ ಕಂಪ್ಯೂಟರು ಸೇರಿಸಿದರೆ ಸೈಬರ್ ಕೆಫೆ ಆಗುತ್ತಿತ್ತು. ಕರ್ನಾಟಕದಲ್ಲಿ ಈ ಬಗೆಯ ವ್ಯಾಪಾರಕ್ಕೆ ಹೆಸರು ತಂದದ್ದು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಫೆ ಕಾಫಿ ಡೇ. ಅಲ್ಲಿ ಕಾಫಿಯೂ ಇತ್ತು. ಜಿಲ್ಲಾ ಕೇಂದ್ರಗಳ ಕೆಫೆಗಳಲ್ಲಿ ಕಾಫಿಯ ಹಂಗಿರಲಿಲ್ಲ, ಪ್ಲೈವುಡ್ಡಿನ ಗೂಡುಗಳು, ಒಂದು ಯುಪಿಎಸ್, ಗೋಡೆಗೆ ದರಪಟ್ಟಿ, ಅಷ್ಟೇ.

ಇಂಥ ಕೆಫೆಯ ಒಳಗಿನ ಜೋಡಣೆ ತಿಳಿದರೆ ಮುಂದಿನ ಮನೆ ಜಾಲದ ಕಥೆ ಅರ್ಧ ತಿಳಿದಂತೆ. ಇಂಟರ್‌ನೆಟ್ ಸೇವೆ ಕೊಡುವವರು ಡಯಲ್ ಮಾಡಿದ ಪ್ರತಿ ಫೋನಿಗೆ ಒಂದೇ ಐಪಿ ವಿಳಾಸ ಕೊಡುತ್ತಿದ್ದರು. ಜಾಲಕ್ಕೆ ಕಾಣುವುದು ಆ ಒಂದು ವಿಳಾಸ ಮಾತ್ರ. ಹಿಂದೆ ನಾಲ್ಕು ಕಂಪ್ಯೂಟರು ಇದ್ದರೆ ಬಂದ ಉತ್ತರ ಯಾವುದಕ್ಕೆ ಸೇರಬೇಕು? ಈ ತೊಡಕಿಗೆ ಎರಡು ದಾರಿಗಳಿದ್ದವು. ಒಂದು, ಪ್ರಾಕ್ಸಿ: ಉಳಿದ ಯಂತ್ರಗಳು ತಮ್ಮ ಬೇಡಿಕೆಯನ್ನು ಮೋಡೆಮ್ ಇರುವ ಯಂತ್ರಕ್ಕೆ ಒಪ್ಪಿಸುತ್ತವೆ, ಅದು ತನ್ನ ಹೆಸರಿನಲ್ಲಿ ಪುಟ ತರಿಸಿ ಹಂಚುತ್ತದೆ. ನ್ಯೂಜಿಲೆಂಡಿನಲ್ಲಿ 1995ರಲ್ಲಿ ಹುಟ್ಟಿದ ವಿನ್‌ಗೇಟ್ ಎಂಬ ತಂತ್ರಾಂಶ ಜಗತ್ತಿನ ಉದ್ದಗಲಕ್ಕೂ ಸಣ್ಣ ಕಚೇರಿಗಳನ್ನೂ ಕೆಫೆಗಳನ್ನೂ ಸಾಕಿದ್ದು ಹೀಗೆ. ಎರಡನೆಯದು ವಿಳಾಸ ಬದಲಾವಣೆ, ಅಂದರೆ ನ್ಯಾಟ್. 1994ರ ಮೇ ತಿಂಗಳಲ್ಲಿ ಕೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಇದನ್ನು ವಿವರಿಸಿ ಬರೆದರು. ಆಗಿನ ಪದ್ಧತಿಯ ಐಪಿ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 430 ಕೋಟಿ. ಅವು ಮುಗಿದು ಹೋಗುತ್ತವೆಂಬ ಭಯವೇ ಆ ಬರಹಕ್ಕೆ ಕಾರಣ. ಈಗ ಪ್ರತಿ ಮನೆಯಲ್ಲಿ ಬಳಕೆಯಲ್ಲಿರುವ ರೂಪದಲ್ಲಿ, ಹೊರಗೆ ಹೋಗುವ ಪ್ರತಿ ಸಂಭಾಷಣೆಗೂ ರೂಟರು ಒಂದು ಪೋರ್ಟ್ ಸಂಖ್ಯೆ ಹಚ್ಚುತ್ತದೆ, ಯಾವ ಸಂಖ್ಯೆ ಯಾವ ಯಂತ್ರದ್ದೆಂದು ಒಂದು ಪಟ್ಟಿಯಲ್ಲಿ ಗುರುತಿಟ್ಟುಕೊಳ್ಳುತ್ತದೆ, ಉತ್ತರ ಬಂದಾಗ ಪಟ್ಟಿ ನೋಡಿ ತಲುಪಿಸುತ್ತದೆ. ಒಂದು ವಿಳಾಸಕ್ಕೆ 65,536 ಪೋರ್ಟುಗಳಿರುವುದರಿಂದ ಮನೆಯೊಂದಕ್ಕೆ ಜಾಗದ ಕೊರತೆ ಬರುವುದಿಲ್ಲ. ಒಳಗಿನ ಯಂತ್ರಗಳಿಗೆಂದೇ 192.168 ಮುಂತಾದ ಖಾಸಗಿ ಸಂಖ್ಯೆಗಳನ್ನು 1996ರ ಫೆಬ್ರವರಿಯಲ್ಲಿ ಅಂತಿಮವಾಗಿ ಕಾದಿರಿಸಲಾಯಿತು. ಬಳ್ಳಾರಿಯ ಗಾಂಧಿನಗರದ ಒಂದು ಮನೆಯಲ್ಲೂ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲೂ ಅದೇ 192.168.1.2 ಇದ್ದರೂ ಗೊಂದಲವಾಗದಿರುವುದು ಈ ಕಾರಣಕ್ಕೆ.

ಕೆಫೆಯಲ್ಲಿ ಮೋಡೆಮ್ ಇರುತ್ತಿದ್ದದ್ದು ಗಲ್ಲಾ ಪೆಟ್ಟಿಗೆಯ ಪಕ್ಕದ ಯಂತ್ರಕ್ಕೆ. ಮಿಕ್ಕವು ಹಬ್ ಎಂಬ ಪೆಟ್ಟಿಗೆಗೆ, ಹಬ್ ಆ ಮುಖ್ಯ ಯಂತ್ರಕ್ಕೆ. 56 ಕೆಬಿಪಿಎಸ್ ಎಂದು ಬರೆದ ಮೋಡೆಮ್ ಹಳೆಯ ತಾಮ್ರದ ಮೇಲೆ ಅಷ್ಟು ವೇಗ ಕೊಡುತ್ತಿದ್ದದ್ದು ಅಪರೂಪ. ಕೊಟ್ಟರೂ ನಾಲ್ಕು ಯಂತ್ರಕ್ಕೆ ತಲಾ 14. ಹಾಟ್‌ಮೇಲ್, ಯಾಹೂ ಮೆಸೆಂಜರಿಗೆ ಅದು ಸಾಕು. ಒಬ್ಬ ಗಿರಾಕಿ ಹಾಡು ಇಳಿಸಲು ಕೂತರೆ ಮಾತ್ರ ಉಳಿದ ಗೂಡುಗಳಿಂದ ಬೈಗುಳ ಏಳುತ್ತಿತ್ತು. ದೊಡ್ಡ ಕೆಫೆಗಳವರು 64 ಅಥವಾ 128 ಕೆಬಿಪಿಎಸ್‌ನ ಐಎಸ್‌ಡಿಎನ್ ಲೈನು ಹಾಕಿಸಿಕೊಳ್ಳಬಹುದಿತ್ತು. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶದ ದಿನ ಯಾವ ಲೈನೂ ಸಾಲುತ್ತಿರಲಿಲ್ಲ. ರಿಜಿಸ್ಟರ್ ನಂಬರು ಬರೆದ ಚೀಟಿಗಳನ್ನು ಒಟ್ಟು ಮಾಡಿ, ಒಂದೊಂದಾಗಿ ನೋಡಿ, ಮುದ್ರಿಸಿ ಕೊಡುವುದು ಆ ದಿನದ ಪದ್ಧತಿ. 2004ರಲ್ಲಿ ರಾಜ್ಯ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂದಿತು: ಬಂದವರ ಗುರುತಿನ ಪತ್ರ ನೋಡಬೇಕು, ಯಾರು ಯಾವ ಯಂತ್ರದಲ್ಲಿ ಎಷ್ಟು ಹೊತ್ತು ಕೂತರೆಂದು ದಾಖಲೆ ಇಡಬೇಕು. ಒಂದೇ ವಿಳಾಸದ ಹಿಂದೆ ಹತ್ತು ಜನ ಇರಬಹುದೆಂಬ ತಾಂತ್ರಿಕ ಸಂಗತಿಗೆ ಕಾನೂನು ಕೊಟ್ಟ ಮೊದಲ ಉತ್ತರ ಆ ರಿಜಿಸ್ಟರ್ ಪುಸ್ತಕ.

ಮನೆಗಳಲ್ಲಿ ಎರಡನೆಯ ಕಂಪ್ಯೂಟರು ಬರುವುದು ತಡವಾಯಿತು. ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜು, 1980ರಿಂದ ಎಂಜಿನಿಯರಿಂಗ್ ಕಾಲೇಜು ಇವೆ. ವೈದ್ಯರು, ಉಪನ್ಯಾಸಕರು, ಲೆಕ್ಕಪರಿಶೋಧಕರ ಮನೆಗಳಿಗೆ ಯಂತ್ರ ಮೊದಲು ಕಾಲಿಟ್ಟದ್ದು ಸಹಜವೇ. ಕೆಳಗೆ ಅಂಗಡಿ ಅಥವಾ ಜೀನ್ಸ್ ಹೊಲಿಗೆ ಘಟಕ, ಮೇಲೆ ಮನೆ ಎಂಬ ಕಟ್ಟಡಗಳಲ್ಲಿ ಇನ್ನೊಂದು ಅಗತ್ಯವಿತ್ತು: ಕೆಳಗಿನ ಟ್ಯಾಲಿ ಯಂತ್ರಕ್ಕೂ ಮೇಲಿನ ಮಕ್ಕಳ ಯಂತ್ರಕ್ಕೂ ಒಂದೇ ಫೋನು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿ ಸಂಪರ್ಕ ಹಂಚಿಕೆಯ ಸೌಲಭ್ಯವನ್ನು ತನ್ನೊಳಗೇ ಇಟ್ಟುಕೊಂಡು ಬಂತು. ಮೋಡೆಮ್ ಇದ್ದ ಯಂತ್ರ 192.168.0.1 ಎಂಬ ಸಂಖ್ಯೆ ತೆಗೆದುಕೊಂಡು ಇನ್ನೊಂದಕ್ಕೆ ತಾನೇ ಸಂಖ್ಯೆ ಕೊಡುತ್ತಿತ್ತು. ಬೇಕಾಗುತ್ತಿದ್ದದ್ದು ಎರಡು ನೆಟ್‌ವರ್ಕ್ ಕಾರ್ಡು ಮತ್ತು ಒಂದು ಕ್ರಾಸ್ ಕೇಬಲ್.

ಕೇಬಲ್ ಕ್ರಿಂಪ್ ಮಾಡುವ ಕೆಲಸ ಆಗ ಒಂದು ಸಣ್ಣ ಕಸುಬೇ ಆಗಿತ್ತು. ನೀಲಿ ಅಥವಾ ಬೂದು ಹೊದಿಕೆಯನ್ನು ಒಂದಿಂಚು ಸುಲಿದರೆ ಒಳಗೆ ನಾಲ್ಕು ಜೊತೆ ಎಳೆಗಳು. ಅವನ್ನು ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಬೆರಳಿನಿಂದ ನೇರ ಮಾಡಿ, ತುದಿಯನ್ನು ಸಮನಾಗಿ ಕತ್ತರಿಸಿ, ಪಾರದರ್ಶಕ ಕನೆಕ್ಟರಿಗೆ ತೂರಿಸಿ, ಇಕ್ಕಳದಂಥ ಸಾಧನದಿಂದ ಒತ್ತಬೇಕು. ಹಬ್ಬಿಗೆ ಹೋಗುವ ಕೇಬಲಾದರೆ ಎರಡೂ ತುದಿ ಒಂದೇ ಕ್ರಮ. ನೇರವಾಗಿ ಎರಡು ಕಂಪ್ಯೂಟರನ್ನು ಜೋಡಿಸುವುದಾದರೆ ಒಂದು ತುದಿಯಲ್ಲಿ ಕೇಸರಿಯ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕೇಸರಿ. ಕೇಸರಿ, ಹಸಿರು ಎಳೆಗಳಲ್ಲಿ ಒಂದು ತಪ್ಪಿದರೂ ದೀಪ ಹತ್ತುವುದಿಲ್ಲ, ಕನೆಕ್ಟರು ವ್ಯರ್ಥ. ನೂರು ಮೀಟರಿನ ಮಿತಿ ಮನೆಗಳಿಗೆ ಅಡ್ಡಿಯಾಗುತ್ತಿರಲಿಲ್ಲ. ಅಡ್ಡಿಯಾಗುತ್ತಿದ್ದದ್ದು ಕಲ್ಲಿನ ಗೋಡೆ. ಹಳೆಯ ಪೇಟೆಯ ಮನೆಗಳಲ್ಲಿ ತೂತು ಕೊರೆಯುವುದಕ್ಕಿಂತ ಕಿಟಕಿಯಿಂದ ಹೊರಗೆ ಎಳೆದು ಮೇಲಿನ ಕಿಟಕಿಗೆ ತರುವುದೇ ಸುಲಭ. ಇಷ್ಟೆಲ್ಲ ಮಾಡಿದರೂ ಡಯಲ್-ಅಪ್ ಕಾಲದಲ್ಲಿ ಹಂಚಿಕೆಗೆ ಆಯುಷ್ಯ ಕಡಿಮೆ: ಇಂಟರ್‌ನೆಟ್ ನಡೆದಷ್ಟು ಹೊತ್ತೂ ಮನೆಯ ಫೋನು ಎಂಗೇಜ್.

ತಂತಿ ಫೋನಿಗೋ ಇಂಟರ್‌ನೆಟ್ಟಿಗೋ ಎಂಬ ಈ ಜಗಳ ಬಗೆಹರಿದದ್ದು 2005ರಲ್ಲಿ. ಹಿಂದಿನ ವರ್ಷದ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ವೇಗಕ್ಕೆ ಬ್ರಾಡ್‌ಬ್ಯಾಂಡ್ ಎಂಬ ಹೆಸರು ಕೊಟ್ಟಿತ್ತು. 2005ರ ಜನವರಿ 14ರಂದು ಬಿಎಸ್‌ಎನ್‌ಎಲ್ ‘ಡೇಟಾಒನ್’ ಸೇವೆ ಶುರು ಮಾಡಿತು. ಮಾತು ಹೋಗುವ ತಾಮ್ರದ ತಂತಿಯಲ್ಲೇ ಮೇಲಿನ ಕಂಪನಾಂಕಗಳಲ್ಲಿ ಡೇಟಾ ಹರಿಸುವ ಎಡಿಎಸ್‌ಎಲ್ ತಂತ್ರ ಇದು. ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ ಎರಡನ್ನೂ ಬೇರೆ ಮಾಡುತ್ತದೆ, ಫೋನು ಫೋನಿನ ಪಾಡಿಗೆ ರಿಂಗಾಗುತ್ತದೆ. ಸಂಪರ್ಕ ದಿನವಿಡೀ ಇರುವುದರಿಂದ ಹಂಚಿಕೊಳ್ಳುವುದಕ್ಕೆ ಮೊದಲ ಬಾರಿ ಅರ್ಥ ಬಂತು.

ಬಿಎಸ್‌ಎನ್‌ಎಲ್ ಬಾಡಿಗೆಗೆ ಕೊಡುತ್ತಿದ್ದ ಮೋಡೆಮ್ಮುಗಳಲ್ಲಿ ಹುವಾವೆ, ಯುಟಿಸ್ಟಾರ್‌ಕಾಮ್ ಕಂಪನಿಗಳವು ಹೆಚ್ಚು. ಅಂಗೈಗಿಂತ ದೊಡ್ಡದಾದ ಪೆಟ್ಟಿಗೆ, ಮುಂದೆ ಹಸಿರು ದೀಪಗಳ ಸಾಲು, ಹಿಂದೆ ಫೋನ್ ತಂತಿಗೊಂದು, ಎತರ್‌ನೆಟ್ಟಿಗೊಂದು, ಯುಎಸ್‌ಬಿಗೊಂದು ಕಿಂಡಿ. ಲೈನ್‌ಮನ್ ಬಂದು ಜೋಡಿಸುವಾಗ ಸಾಮಾನ್ಯವಾಗಿ ಬ್ರಿಡ್ಜ್ ಎಂಬ ವಿಧಾನದಲ್ಲಿ ಬಿಟ್ಟು ಹೋಗುತ್ತಿದ್ದರು: ಕಂಪ್ಯೂಟರಿನಲ್ಲೇ ಬಳಕೆದಾರನ ಹೆಸರು, ಪಾಸ್‌ವರ್ಡ್ ಹಾಕಿ ‘ಕನೆಕ್ಟ್’ ಒತ್ತಬೇಕು. ಹಾಗಿದ್ದರೆ ಸಂಪರ್ಕ ಒಂದೇ ಯಂತ್ರದ ಸೊತ್ತು. ಆದರೆ ಅದೇ ಪೆಟ್ಟಿಗೆಯೊಳಗೆ ರೂಟರೂ ಅಡಗಿತ್ತು. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದು, ಹೆಸರಿಗೂ ಪಾಸ್‌ವರ್ಡಿಗೂ ‘ಅಡ್ಮಿನ್’ ಎಂದೇ ಕೊಟ್ಟು ಒಳಹೊಕ್ಕು, ವಿಪಿಐ 0, ವಿಸಿಐ 35 ಇರುವುದನ್ನು ಖಾತ್ರಿ ಮಾಡಿಕೊಂಡು, ಬ್ರಿಡ್ಜ್ ಬದಲು ಪಿಪಿಪಿಒಇ ಆರಿಸಿ ಮನೆಯ ಹೆಸರು ಪಾಸ್‌ವರ್ಡನ್ನು ಮೋಡೆಮ್ಮಿನಲ್ಲೇ ಉಳಿಸಿ ಅದನ್ನು ಆರಿಸಿ ಹಚ್ಚಿದರೆ, ನ್ಯಾಟ್ ಕೆಲಸವನ್ನು ಪೆಟ್ಟಿಗೆಯೇ ವಹಿಸಿಕೊಳ್ಳುತ್ತಿತ್ತು. ಅದರ ಮುಂದೊಂದು ಐದು ಪೋರ್ಟಿನ ಸ್ವಿಚ್ ಇಟ್ಟರೆ ನಾಲ್ಕು ಕಂಪ್ಯೂಟರಿಗೆ ಇಂಟರ್‌ನೆಟ್. ಬಾಡಿಗೆಯ ಪೆಟ್ಟಿಗೆಯಲ್ಲಿ ಇಂಥದೊಂದು ಸೌಲಭ್ಯವಿದೆಯೆಂದು ಯಾವ ಜಾಹೀರಾತೂ ಹೇಳಲಿಲ್ಲ. ಎಂಜಿನಿಯರಿಂಗ್ ಹುಡುಗರು ಮತ್ತು ಕಂಪ್ಯೂಟರ್ ರಿಪೇರಿಯವರ ಬಾಯಿಂದ ಬಾಯಿಗೆ ಆ ವಿದ್ಯೆ ಹರಡಿತು.

ಆದರೂ ಹಂಚಿಕೆ ಧಾರಾಳವಾಗಲಿಲ್ಲ, ಏಕೆಂದರೆ ಬಿಲ್ಲು ಈಗ ಎಂಬಿ ಲೆಕ್ಕಕ್ಕೆ ತಿರುಗಿತ್ತು. ಆರಂಭದ ಮನೆ ಯೋಜನೆಗಳಲ್ಲಿ ತಿಂಗಳಿಗೆ ಸಿಗುತ್ತಿದ್ದದ್ದು ಕೆಲವು ನೂರು ಎಂಬಿ, ಮೀರಿದರೆ ಪ್ರತಿ ಎಂಬಿಗೂ ದರ. ಡಯಲ್-ಅಪ್ ಕಾಲದಲ್ಲಿ ಎರಡನೆಯ ಯಂತ್ರ ಪುಕ್ಕಟೆಯಾಗಿತ್ತು. ಎಂಬಿ ಕಾಲದಲ್ಲಿ ಪ್ರತಿ ಯಂತ್ರವೂ ಹೊಸ ಖರ್ಚು. ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಇಳಿಸಿಕೊಂಡರೂ ಬಿಲ್ಲು ಏರುತ್ತಿತ್ತು. ಅಣ್ಣನ ಯಂತ್ರವೋ ತಂಗಿಯ ಯಂತ್ರವೋ ಎಂಬ ವಿಚಾರಣೆ ಬಿಲ್ಲು ಬಂದ ದಿನದ ಮನೆಯ ಕಾರ್ಯಕ್ರಮ. ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಇಳಿಸಿದ್ದಕ್ಕೆ ಲೆಕ್ಕವಿಲ್ಲ ಎಂಬ ರಿಯಾಯಿತಿ ಬಂದಾಗ ಅಲಾರಂ ಇಟ್ಟು ಏಳುವವರ ಒಂದು ಪೀಳಿಗೆಯೇ ಹುಟ್ಟಿಕೊಂಡಿತು. 2007ರ ಜನವರಿ 1ರಿಂದ ವೇಗ 2 ಎಂಬಿಪಿಎಸ್‌ವರೆಗೆ ಏರಿತು, ಮಿತಿ ಹಾಗೇ ಉಳಿಯಿತು. ಸಣ್ಣ ಮಿತಿಯ ಮೇಲೆ ದೊಡ್ಡ ವೇಗ ಬಂದರೆ ಮಿತಿ ಮುಗಿಯುವುದು ಬೇಗ, ಅಷ್ಟೇ ವ್ಯತ್ಯಾಸ. ಕಡಿಮೆ ವೇಗದ ಅನ್‌ಲಿಮಿಟೆಡ್ ಯೋಜನೆಗಳು ಬಂದ ಮೇಲೆಯೇ ಮನೆಗಳಲ್ಲಿ ಹಂಚಿಕೆ ನಿಶ್ಚಿಂತೆಯಿಂದ ನಡೆದದ್ದು.

ಬಳ್ಳಾರಿಗೂ ಅದರ ಉತ್ತರದ ಊರುಗಳಿಗೂ ಇರುವ ಭೇದ ಈ ಘಟ್ಟದಲ್ಲಿ ಎದ್ದು ಕಂಡಿತು. ಎಡಿಎಸ್‌ಎಲ್ ವೇಗ ಎಕ್ಸ್‌ಚೇಂಜಿನಿಂದ ಮನೆಗಿರುವ ತಾಮ್ರದ ಉದ್ದವನ್ನು ಅವಲಂಬಿಸಿದೆ; ನಾಲ್ಕೈದು ಕಿಲೋಮೀಟರ್ ದಾಟಿದರೆ ಸಂಪರ್ಕ ನಿಲ್ಲುವುದೇ ಕಷ್ಟ. ತುಂಗಭದ್ರಾ ಕಾಲುವೆಯ ಟೇಲ್ ಎಂಡ್ ರೈತರ ಪಾಡು ಬಲ್ಲ ಸಿರುಗುಪ್ಪದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಜಿಲ್ಲಾ ಕೇಂದ್ರದ ಎಕ್ಸ್‌ಚೇಂಜಿಗೆ ಬ್ರಾಡ್‌ಬ್ಯಾಂಡ್ ಉಪಕರಣ ಮೊದಲು ಬಂತು, ತಾಲೂಕು ಕೇಂದ್ರಕ್ಕೆ ಆಮೇಲೆ, ಹಳ್ಳಿಯ ಎಕ್ಸ್‌ಚೇಂಜಿಗೆ ಕೊನೆಗೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ 50 ಕಿಲೋಮೀಟರಿಗೂ ಹೆಚ್ಚು ದೂರ, ಕುರುಗೋಡಿಗೆ ಅದರ ಅರ್ಧದಷ್ಟು. ಸಿರುಗುಪ್ಪ ಪೇಟೆಯೊಳಗಿನ ಅಕ್ಕಿ ಗಿರಣಿಗಳಿಗೆ, ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಸುತ್ತಲ ಮನೆಗಳಿಗೆ ತಂತಿ ಸಾಕಷ್ಟು ಹತ್ತಿರವಿದ್ದರೂ, ಊರಾಚೆಯ ಕ್ಯಾಂಪುಗಳಿಗೆ, ಹಳ್ಳಿಗಳಿಗೆ ಸಿಗುತ್ತಿದ್ದದ್ದು ತಂತಿಯಿಲ್ಲದ ಡಬ್ಲ್ಯೂಎಲ್‌ಎಲ್ ಫೋನಿನ ಆಮೆ ವೇಗದ ಇಂಟರ್‌ನೆಟ್ಟೇ. ಕುರುಗೋಡು ಆಗ ಬಳ್ಳಾರಿ ತಾಲೂಕಿನ ಹೋಬಳಿ ಊರು. ಪಹಣಿ, ಜಾತಿ ಆದಾಯ ಪ್ರಮಾಣಪತ್ರ ಕೊಡುವ ನೆಮ್ಮದಿ ಕೇಂದ್ರಗಳನ್ನು 2006ರ ಹೊತ್ತಿಗೆ ರಾಜ್ಯದ ಹೋಬಳಿಗಳಲ್ಲಿ ತೆರೆಯುವಾಗ ಅವುಗಳ ನೆತ್ತಿಯ ಮೇಲೆ ಉಪಗ್ರಹದ ವಿಸ್ಯಾಟ್ ಡಿಶ್ ಕೂರಿಸಬೇಕಾಗಿ ಬಂದದ್ದು ನೆಲದ ತಂತಿಯನ್ನು ನಂಬುವ ಸ್ಥಿತಿ ಇರಲಿಲ್ಲವೆಂಬುದಕ್ಕೆ ಸಾಕ್ಷಿ. ಹಳ್ಳಿ ಎಕ್ಸ್‌ಚೇಂಜುಗಳಿಂದ ಕನಿಷ್ಠ 512 ಕೆಬಿಪಿಎಸ್ ಸಂಪರ್ಕ ಕೊಡಲು ಸಾರ್ವತ್ರಿಕ ಸೇವಾ ನಿಧಿ ಬಿಎಸ್‌ಎನ್‌ಎಲ್ ಜೊತೆ ಒಪ್ಪಂದ ಮಾಡಿಕೊಂಡದ್ದು 2009ರ ಜನವರಿಯಲ್ಲಿ.

ಈ ಸೀಮೆಯ ಮೋಡೆಮ್ಮಿಗೆ ಇನ್ನೊಂದು ಶತ್ರು ಇತ್ತು. ಏಪ್ರಿಲ್, ಮೇ ತಿಂಗಳ ಸಿಡಿಲು ಮಳೆಯಲ್ಲಿ ಕಂಬದ ಮೇಲಿನ ತಂತಿ ಹಿಡಿದು ಬಂದ ವಿದ್ಯುತ್ತು ಮೋಡೆಮ್ಮನ್ನೂ, ಎತರ್‌ನೆಟ್ ಕೇಬಲ್ ಮೂಲಕ ಕಂಪ್ಯೂಟರಿನ ಕಾರ್ಡನ್ನೂ ಸುಡುತ್ತಿತ್ತು. ಜಾಲ ದೊಡ್ಡದಾದಷ್ಟೂ ನಷ್ಟ ದೊಡ್ಡದು. ಗುಡುಗು ಕೇಳಿಸಿದರೆ ಮೊದಲು ಫೋನ್ ತಂತಿ ಕೀಳು ಎಂಬುದು ಮನೆಮನೆಯ ಪಾಠವಾಯಿತು.

ವೈಫೈ ಮನೆಗೆ ಬರಲು ಕಾನೂನಿನ ದಾರಿಯೂ ತೆರೆಯಬೇಕಿತ್ತು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಕಡಿಮೆ ಶಕ್ತಿಯ ಉಪಕರಣಗಳಿಗೆ ಬಳಸಬಹುದೆಂಬ ಕೇಂದ್ರದ ನಿಯಮ ಹೊರಟದ್ದು 2005ರ ಜನವರಿಯಲ್ಲಿ, ಡೇಟಾಒನ್ ಶುರುವಾದ ತಿಂಗಳಲ್ಲೇ. ನಾಲ್ಕು ಪೋರ್ಟಿನ ವೈಫೈ ಮೋಡೆಮ್ಮನ್ನು ಬಿಎಸ್‌ಎನ್‌ಎಲ್ ಹೆಚ್ಚು ಬಾಡಿಗೆಗೆ ಕೊಡುತ್ತಿತ್ತು; ಲ್ಯಾಪ್‌ಟಾಪ್ ಬಂದ ಮನೆಗಳು ಅದಕ್ಕೆ ಬದಲಾದವು. ಪಾಸ್‌ವರ್ಡ್ ಹಾಕುವ ರೂಢಿ ಮಾತ್ರ ಬೇಗ ಬರಲಿಲ್ಲ. 2008ರ ಜುಲೈನ ಅಹಮದಾಬಾದ್ ಸ್ಫೋಟಗಳಿಗೆ ಮುನ್ನ ಕಳಿಸಿದ ಇಮೇಲ್ ನವಿ ಮುಂಬೈನ ಮನೆಯೊಂದರ ರಕ್ಷಣೆಯಿಲ್ಲದ ವೈಫೈ ಮೂಲಕ ಹೋಗಿತ್ತೆಂದು ತನಿಖೆಯಲ್ಲಿ ಕಂಡಿತು. ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ವೈಫೈ ಭದ್ರತೆಯ ಬಗ್ಗೆ ಸೂಚನೆ ಹೊರಡಿಸಿತು. ಹಂಚಿಕೆ ಮನೆಯ ಗೋಡೆ ದಾಟಿ ಪಕ್ಕದ ಮನೆಗೆ ಹೋಗುವುದನ್ನು ಮನೆ ಯೋಜನೆಗಳ ಷರತ್ತುಗಳು ಒಪ್ಪುತ್ತಿರಲಿಲ್ಲ. ತಿಂಗಳ ಬಿಲ್ಲನ್ನು ಇಬ್ಬರು ಬಾಡಿಗೆದಾರರು ಅರ್ಧರ್ಧ ಕೊಡುವುದನ್ನು ತಡೆಯುವ ಶಕ್ತಿ ಆ ಷರತ್ತುಗಳಿಗೆ ಇರಲೂ ಇಲ್ಲ.

ತಂತಿ ತಲುಪದ ಕಡೆ ಡಾಂಗಲ್ ತಲುಪಿತು. 2009ರಲ್ಲಿ ಬಿಎಸ್‌ಎನ್‌ಎಲ್, 2011ರ ಹೊತ್ತಿಗೆ ಖಾಸಗಿ ಕಂಪನಿಗಳು 3ಜಿ ಕೊಟ್ಟಾಗ ಯುಎಸ್‌ಬಿ ಕಡ್ಡಿಯಂಥ ಆ ಸಾಧನವನ್ನು ಒಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದನ್ನೇ ವೈಫೈ ಕೇಂದ್ರ ಮಾಡಿ ಉಳಿದವಕ್ಕೆ ಹಂಚುವ ತಂತ್ರಾಂಶಗಳು ಬಂದವು. 2010ರ ಆಂಡ್ರಾಯ್ಡ್ 2.2 ಆವೃತ್ತಿ ಆ ಕೆಲಸವನ್ನು ಫೋನಿನೊಳಕ್ಕೇ ತಂದಿತು. ಹಾಟ್‌ಸ್ಪಾಟ್ ಎಂದು ಈಗ ಕೂಲಿ ಕೆಲಸದವರ ಮಕ್ಕಳೂ ಆನ್ ಮಾಡುವ ಗುಂಡಿ, ವಿಂಡೋಸ್ 98ರ ಹಳೆಯ ಹಂಚಿಕೆಯ ಮೊಮ್ಮಗು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಲೆಕ್ಕ ತಿಂಗಳಿಂದ ದಿನಕ್ಕೆ ಇಳಿಯಿತು. ದಿನಕ್ಕೆ ಒಂದೋ ಒಂದೂವರೆಯೋ ಜಿಬಿ. ರಾತ್ರಿ ಹನ್ನೆರಡಕ್ಕೆ ಉಳಿದದ್ದು ಲುಪ್ತ. ಉಳಿಸಿ ಪ್ರಯೋಜನವಿಲ್ಲದ ವಸ್ತುವನ್ನು ಹಂಚುವುದಕ್ಕೆ ಯಾರಿಗೂ ಬೇಸರವಿರಲಿಲ್ಲ. 2020ರ ಮಾರ್ಚಿನ ಲಾಕ್‌ಡೌನ್ ನಂತರ ಶಾಲೆಗಳು ಆನ್‌ಲೈನಿಗೆ ಬಂದಾಗ ಅಪ್ಪನ ಫೋನಿನ ಹಾಟ್‌ಸ್ಪಾಟಿನಲ್ಲಿ ಎರಡು ತರಗತಿಗಳು ಒಟ್ಟಿಗೆ ನಡೆದವು. ಎರಡೂ ವೀಡಿಯೊ ಆದರೆ ಒಂದು ನಿಲ್ಲುತ್ತಿತ್ತು.

ಆಮೇಲೆ ಬಂದ ಫೈಬರ್ ಸಂಪರ್ಕಗಳನ್ನು ಊರುಗಳಲ್ಲಿ ಹೆಚ್ಚಾಗಿ ಎಳೆದವರು ಕೇಬಲ್ ಟಿವಿಯವರು; ಬಿಎಸ್‌ಎನ್‌ಎಲ್ ಕೂಡ ಆದಾಯ ಹಂಚಿಕೆಯ ಮೇಲೆ ಅವರನ್ನು ಪಾಲುದಾರರನ್ನಾಗಿ ಮಾಡಿಕೊಂಡಿತು. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ತು ಹರಿಯುವುದಿಲ್ಲ, ಎಕ್ಸ್‌ಚೇಂಜಿನ ದೂರವೂ ತಾಮ್ರದಷ್ಟು ಕಾಡುವುದಿಲ್ಲ. ಹೀಗಾಗಿ ಬಳ್ಳಾರಿಗೂ ಕುರುಗೋಡಿಗೂ ಇದ್ದ ಅಂತರ ಬಹುಮಟ್ಟಿಗೆ ಕರಗಿತು. ಮನೆಗೆ ಬರುವ ಪೆಟ್ಟಿಗೆಯಲ್ಲಿ ರೂಟರು, ಸ್ವಿಚ್, ವೈಫೈ ಎಲ್ಲವೂ ಇರುವುದರಿಂದ ಹಂಚಿಕೆಗೆ ಬೇರೆ ಏರ್ಪಾಡು ಬೇಕಿಲ್ಲ.

ಹಂಚಿಕೆ ಈಗ ಮನೆಯಾಚೆಗೂ ನಡೆಯುತ್ತಿದೆ, ಬಳಕೆದಾರರಿಗೆ ಗೊತ್ತಿಲ್ಲದಂತೆ. ಜಗತ್ತಿನ ಕೇಂದ್ರ ಸಂಗ್ರಹದಲ್ಲಿದ್ದ ಐಪಿ ವಿಳಾಸಗಳು 2011ರ ಫೆಬ್ರವರಿ 3ರಂದು ಮುಗಿದವು. ಏಷ್ಯಾ ವಲಯದ ದಾಸ್ತಾನು ಅದೇ ಏಪ್ರಿಲಿನಲ್ಲಿ ತಳ ಕಂಡಿತು. ತಡವಾಗಿ ಇಂಟರ್‌ನೆಟ್ ಪಡೆದ ಊರುಗಳಿಗೆ ಸಾಕಷ್ಟು ವಿಳಾಸಗಳು ಉಳಿದಿರಲಿಲ್ಲ. ಹೀಗಾಗಿ ಸೇವಾ ಕಂಪನಿಗಳು ನ್ಯಾಟ್ ಪದ್ಧತಿಯನ್ನು ತಮ್ಮ ಕೇಂದ್ರದಲ್ಲೂ ಒಂದು ಸಲ ನಡೆಸುತ್ತವೆ: ಮನೆಯ ರೂಟರಿಗೆ ಸಿಗುವುದು ಇದಕ್ಕೆಂದೇ 2012ರಲ್ಲಿ ಕಾದಿರಿಸಿದ 100.64ರಿಂದ ಶುರುವಾಗುವ ಸಂಖ್ಯೆಗಳಲ್ಲೊಂದು, ನೂರಾರು ಮನೆಗಳು ಹೊರಜಗತ್ತಿಗೆ ಒಂದೇ ವಿಳಾಸವಾಗಿ ಕಾಣುತ್ತವೆ. ಸಾಮಾನ್ಯ ಬಳಕೆಗೆ ಇದರಿಂದ ತೊಂದರೆಯಿಲ್ಲ. ಅಂಗಡಿಯ ಸಿಸಿಟಿವಿಯನ್ನು ಮನೆಯಿಂದ ನೇರವಾಗಿ ನೋಡಬೇಕೆನ್ನುವವರು ಮಾತ್ರ, ಹೊರಗಿನಿಂದ ಒಳಬರುವ ದಾರಿ ಮುಚ್ಚಿರುವುದರಿಂದ, ಕ್ಯಾಮೆರಾ ಕಂಪನಿಯ ಸರ್ವರನ್ನು ಬಳಸಬೇಕು ಅಥವಾ ಹೆಚ್ಚು ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ತಮ್ಮದೇ ಸ್ಥಿರ ವಿಳಾಸ, ತೆಗೆದುಕೊಳ್ಳಬೇಕು. ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಕೊಡಬಲ್ಲ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ ಮೊಬೈಲ್ ಜಾಲಗಳಲ್ಲಿ ಆಗಲೇ ವ್ಯಾಪಕವಾಗಿದೆ, ಮನೆಯ ಫೈಬರಿಗೆ ನಿಧಾನವಾಗಿ ಬರುತ್ತಿದೆ. ಅದು ಪೂರ್ತಿ ಬಂದ ಮನೆಯಲ್ಲಿ ಸಾಧನಗಳು ತಂತಿಯನ್ನೂ ಬಿಲ್ಲನ್ನೂ ಹಂಚಿಕೊಳ್ಳುತ್ತವೆ, ವಿಳಾಸವನ್ನಲ್ಲ.